ಹಿಟ್ಟು ಬಂದವರು ಏಳಬೇಕು

ಪ್ರತಿಮಾ ಯಾಕೆ ಹೀಗೆ ಆಡುತ್ತಾಳೆ ಎಂದು ತಲೆ ಕೆಡಿಸಿಕೊಂಡು ದೇಶವಿದೇಶದ ಚೆಸ್ ಪಂಡಿತರು ಬರೆದದ್ದನ್ನೆಲ್ಲ ಒಟ್ಟು ಮಾಡಿದರೆ ಒಂದು ಗೋಣಿಚೀಲ ತುಂಬೀತು. ಅವರಲ್ಲಿ ಒಬ್ಬನಾದರೂ ಎರಡು ಸೇರು ಅಕ್ಕಿ ಹಿಡಿದುಕೊಂಡು ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಕೆರಿಯಪ್ಪನ ಗಿರಣಿಯಲ್ಲಿ ಸಾಲು ನಿಂತಿದ್ದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತಿತ್ತು. ಹಿಟ್ಟೂ ಸಿಗುತ್ತಿತ್ತು.

ಕೆರಿಯಪ್ಪ ಪ್ರತಿಮಾಳ ಅಪ್ಪ. ಗಿರಣಿಗೆ ಬಂದು ಕಾಯುವವರ ಬಾಯಿಗೆ ಕೆಲಸವಿಲ್ಲದಿದ್ದರೆ ಸಾಲು ಜಗಳವಾಗುತ್ತದೆ ಎಂಬುದು ಅವನ ಅನುಭವ. ಅದಕ್ಕಾಗಿ ಒಂದು ಹಲಗೆಯ ಮೇಲೆ ಹಸಿರು ಪೇಂಟಿನಲ್ಲಿ ಅರವತ್ತನಾಲ್ಕು ಮನೆ ಎಳೆದು, ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲಿಟ್ಟು, ಎರಡು ಸ್ಟೂಲು ಹಾಕಿದ. ಕಾಯಿಗಳು ಸೆಕೆಂಡ್ ಹ್ಯಾಂಡ್. ಕಳೆದುಹೋದ ಕುದುರೆಯ ಜಾಗದಲ್ಲಿ ಮಿಷನ್ನಿನ ಒಂದು ಬೋಲ್ಟು ನಿಂತಿತ್ತು, ಒಂದು ಒಂಟೆಯ ಬದಲಿಗೆ ದಾರದ ರೀಲು. ಆಟದ ನಿಯಮ ಎಲ್ಲ ಕಡೆ ಇದ್ದ ಹಾಗೆಯೇ. ಒಂದು ನಿಯಮ ಮಾತ್ರ ಹೆಚ್ಚಿಗೆ ಇತ್ತು: ಹಿಟ್ಟು ಬಂದವರು ಏಳಬೇಕು.

ಅಂದರೆ ಇಷ್ಟೇ. ನೀವು ಕೂತು ಆಡುತ್ತಿದ್ದೀರಿ, ಎದುರಿನವನ ರಾಜ ಇನ್ನೆರಡು ನಡೆಗೆ ಸಾಯುವುದರಲ್ಲಿದ್ದಾನೆ. ಅಷ್ಟರಲ್ಲಿ ಕೆರಿಯಪ್ಪ ನಿಮ್ಮ ಹೆಸರು ಕೂಗುತ್ತಾನೆ. ನೀವು ಎದ್ದು ಡಬ್ಬಿ ತೆಗೆದುಕೊಂಡು ಹೋಗಬೇಕು. ಸಾಲಿನಲ್ಲಿ ಮುಂದಿದ್ದವರು ಬಂದು ನಿಮ್ಮ ಸ್ಟೂಲಿನ ಮೇಲೆ ಕೂತು, ನೀವು ಬಿಟ್ಟಲ್ಲಿಂದ ಮುಂದುವರಿಸಬೇಕು. ಮಣೆಯನ್ನು ಯಾರೂ ಕಲಕುವ ಹಾಗಿಲ್ಲ. ಹೀಗೆ ಒಂದೊಂದು ಆಟ ಮೂರು ನಾಲ್ಕು ದಿನ, ನಲವತ್ತು ಐವತ್ತು ಜನರ ಕೈಯಲ್ಲಿ ಸಾಗುತ್ತಿತ್ತು. ಬೆಳಿಗ್ಗೆ ಅಕ್ಕಿಗೆ ಬಂದಾಗ ಬಿಳಿ ಕಡೆಗೆ ಕೂತು ಬಲೆ ಹೂಡಿದವನು, ಮಧ್ಯಾಹ್ನ ರಾಗಿಗೆ ಬಂದಾಗ ಕಪ್ಪು ಕಡೆಗೆ ಸಿಕ್ಕಿ, ತಾನೇ ಹೂಡಿದ ಬಲೆಗೆ ತಾನೇ ಬಿದ್ದ ಉದಾಹರಣೆ ಇದೆ. ಹೊತ್ತೇರಿದಂತೆ ಎರಡೂ ಕಡೆಯ ಕಾಯಿಗಳ ಮೇಲೆ ಹಿಟ್ಟು ಕೂತು ಎಲ್ಲ ಒಂದೇ ಬಣ್ಣವಾಗುತ್ತಿದ್ದವು. ಯಾವುದು ಯಾರದು ಎಂಬುದನ್ನು ನೆನಪಿನಲ್ಲೇ ಇಟ್ಟುಕೊಳ್ಳಬೇಕಿತ್ತು.

ಇನ್ನೊಂದು ಸಂಗತಿ. ಕಾಲಾಳಿಗೆ ಅಲ್ಲಿ ಕಾಲಾಳು ಎನ್ನುತ್ತಿರಲಿಲ್ಲ, ಗೇಣಿದಾರ ಎನ್ನುತ್ತಿದ್ದರು. ಸಾಲಿನಲ್ಲಿ ನಿಲ್ಲುತ್ತಿದ್ದವರಲ್ಲಿ ಮುಕ್ಕಾಲು ಪಾಲು ಜನರ ಅಪ್ಪಂದಿರು ಒಂದು ಕಾಲದಲ್ಲಿ ಯಾರದೋ ಜಮೀನು ಗೇಣಿಗೆ ಮಾಡಿದವರು. ಆಮೇಲೆ ಕಾನೂನು ಬಂದು, ಏಳನೇ ನಂಬರ್ ಫಾರಂ ತುಂಬಿ ಕೊಟ್ಟು, ಉಳುತ್ತಿದ್ದ ಜಮೀನಿಗೆ ತಾವೇ ಒಡೆಯರಾದವರು. ಹಾಗಾಗಿ ಒಂದೊಂದೇ ಮನೆ ನಡೆದು, ಏಳನೇ ಮನೆ ತಲುಪಿ, ಇನ್ನೊಂದು ಹೆಜ್ಜೆ ಇಟ್ಟರೆ ಮಂತ್ರಿಯಾಗುವ ಆ ಪುಟ್ಟ ಕಾಯಿಯನ್ನು ಅವರು ಬೇರೆ ಯಾವ ಹೆಸರಿನಿಂದ ಕರೆಯಬೇಕಿತ್ತು? ಕಾಲಾಳು ಏಳನೇ ಮನೆಗೆ ಬಂತೆಂದರೆ ಫಾರಂ ಹಾಕಿದ ಎನ್ನುತ್ತಿದ್ದರು. ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ನಿಟ್ಟೂರಿನ ನಿಂಗಪ್ಪ. ಸಂತೆಯ ದಿನ ಬಸ್ಸಿನಲ್ಲಿ ಅಕ್ಕಿ ತಂದು, ಸ್ಟೂಲು ಸಿಕ್ಕಿದ ಕೂಡಲೇ ಯಾವುದಾದರೂ ಕಾಲಾಳನ್ನು ಮುಂದಕ್ಕೆ ತಳ್ಳುತ್ತಿದ್ದ. ಆನೆ ಹೋಗಲಿ, ಕುದುರೆ ಹೋಗಲಿ, ಗೇಣಿದಾರ ತಾಲ್ಲೂಕು ಆಫೀಸಿನ ಬಾಗಿಲಲ್ಲಿ ಕಾಯುತ್ತ ನಿಲ್ಲುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ.

ಪ್ರತಿಮಾ ಬೆಳೆದದ್ದು ಈ ಮಣೆಯ ಪಕ್ಕದಲ್ಲಿ. ಸಾಲಿನಲ್ಲಿ ಜನ ಕಡಿಮೆಯಾದಾಗ ಖಾಲಿ ಸ್ಟೂಲಿಗೆ ಅವಳನ್ನು ಕೂರಿಸುತ್ತಿದ್ದರು. ಅವಳ ಪಾಲಿಗೆ ಬರುತ್ತಿದ್ದದ್ದು ಸಾಮಾನ್ಯವಾಗಿ ಯಾರೋ ಕೆಡಿಸಿ ಬಿಟ್ಟುಹೋದ ಆಟ. ಮಂತ್ರಿ ಸತ್ತಿದೆ, ರಾಜ ನಡುಬೀದಿಯಲ್ಲಿದ್ದಾನೆ, ಕೆಡಿಸಿದವನು ಹಿಟ್ಟು ಹೊತ್ತು ರಿಪ್ಪನ್‌ಪೇಟೆ ಬಸ್ಸಿನಲ್ಲಿ ಕೂತಾಗಿದೆ. ಅವನನ್ನು ಬೈದು ಏನು ಪ್ರಯೋಜನ? ಇದ್ದದ್ದರಲ್ಲಿ ಏನು ಮಾಡಬಹುದು ಎಂದು ನೋಡುವುದೊಂದೇ ದಾರಿ. ಅದನ್ನು ಅವಳು ಚೆನ್ನಾಗಿ ಕಲಿತಳು. ಕಲಿಯದೆ ಉಳಿದದ್ದು ಒಂದೇ, ಆಟ ಶುರು ಮಾಡುವುದು.

ಇದು ಗೊತ್ತಾದದ್ದು ತೀರ್ಥಹಳ್ಳಿಯ ಶಾಲಾ ಪಂದ್ಯದಲ್ಲಿ. ಮಣೆಯ ಮೇಲೆ ಮೂವತ್ತೆರಡು ಕಾಯಿಗಳೂ ಸಾಲಾಗಿ, ಅಂಗಡಿಯಲ್ಲಿ ಜೋಡಿಸಿಟ್ಟ ಡಬ್ಬಗಳ ಹಾಗೆ ನಿಂತಿದ್ದನ್ನು ನೋಡಿ ಅವಳಿಗೆ ದಿಕ್ಕೇ ತೋಚಲಿಲ್ಲ. ಎಲ್ಲವೂ ಸರಿಯಾಗಿದೆ, ಇದರಲ್ಲಿ ಮಾಡುವುದಾದರೂ ಏನು? ಹತ್ತು ನಿಮಿಷ ಯೋಚಿಸಿ ಒಂದು ಉಪಾಯ ಮಾಡಿದಳು. ಮೊದಲು ಒಂದು ಹತ್ತು ನಡೆ ತಾನೇ ಕೆಡಿಸಿದಳು. ಮೂಲೆಯ ಕಾಲಾಳು ತಳ್ಳಿದಳು, ರಾಜನನ್ನು ಹೊರಗೆ ತಂದಳು, ಕುದುರೆಯನ್ನು ಗೋಡೆಗೆ ಒರಗಿಸಿದಳು. ಆಮೇಲೆ ಯಾರದೋ ಹಿಟ್ಟು ಬಂತು, ಅವರು ಎದ್ದುಹೋದರು, ಈಗ ನಾನು ಕೂತೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಆಡತೊಡಗಿದಳು. ಐದಕ್ಕೆ ಐದು ಆಟ ಗೆದ್ದು ಸ್ಟೀಲ್ ಲೋಟ ಬಹುಮಾನ ತಂದಳು.

ಆ ಪಂದ್ಯ ನಡೆಸಿದವರು ಕೃಷ್ಣಕುಮಾರ್ ಮೇಷ್ಟ್ರು. ತೀರ್ಥಹಳ್ಳಿಯಲ್ಲಿ ಗಣಿತ ಹೇಳುತ್ತಿದ್ದ ಅವರ ಮನೆಯಲ್ಲಿ ಬಟ್ಟೆಗಿಂತ ಚೆಸ್ ಪುಸ್ತಕ ಹೆಚ್ಚು. ಈ ಹುಡುಗಿಯಲ್ಲಿ ಏನೋ ಇದೆ, ಶುರುವನ್ನು ತಿದ್ದಿದರೆ ಸಾಕು ಎಂದು ಅವರಿಗೆ ಅನಿಸಿತು. ಎರಡು ವರ್ಷ ಪ್ರತಿ ಭಾನುವಾರ ಹೊಸನಗರದಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಕರೆಸಿ ತಿದ್ದಿದರು. ಆ ಎರಡು ವರ್ಷ ಪ್ರತಿಮಾ ಬಹಳ ಅಂದವಾಗಿ ಆಟ ಶುರು ಮಾಡಿ ಬಹಳ ಅಂದವಾಗಿ ಸೋತಳು. ಕೊನೆಗೆ ಮೇಷ್ಟ್ರು ಪುಸ್ತಕ ಮುಚ್ಚಿಟ್ಟು, ಇನ್ನು ನಿನಗೆ ತೋಚಿದ ಹಾಗೆ ಆಡು, ನಾನು ಮೊದಲ ಹತ್ತು ನಡೆ ಆಗುವವರೆಗೆ ಹೊರಗೆ ಕಾಫಿ ಕುಡಿದು ಬರುತ್ತೇನೆ, ಅದನ್ನು ನೋಡುವ ಶಕ್ತಿ ನನಗಿಲ್ಲ ಎಂದರು. ಅಂದಿನಿಂದ ಅವಳು ಮತ್ತೆ ಗೆಲ್ಲತೊಡಗಿದಳು. ಮೇಷ್ಟ್ರಿಗೆ ಕಾಫಿ ಅಭ್ಯಾಸವಾಯಿತು.

ಜಿಲ್ಲೆ, ರಾಜ್ಯ, ದೇಶ ಎಲ್ಲ ಆಯಿತು. ಕಂಪ್ಯೂಟರ್ ಬಂದ ಮೇಲೆ ಅವಳ ಆಟ ನಿಂತೇಹೋಗುತ್ತದೆ ಎಂದು ತಿಳಿದವರು ಹೇಳಿದರು. ಆದದ್ದು ತಿರುವುಮುರುವು. ಎದುರಾಳಿಗಳು ರಾತ್ರಿ ಅವಳ ಹಳೇ ಆಟಗಳನ್ನು ಕಂಪ್ಯೂಟರಿಗೆ ಹಾಕಿ ನೋಡುತ್ತಿದ್ದರು. ಹತ್ತನೇ ನಡೆಗೇ ಅದು ನೀನು ಗೆದ್ದಾಯಿತು ಎಂದುಬಿಡುತ್ತಿತ್ತು. ಗೆದ್ದಾಯಿತು ಎಂದ ಮೇಲೆ ಇನ್ನೇನು ಓದುವುದು? ಮಲಗಿಬಿಡುತ್ತಿದ್ದರು. ಮಾರನೇ ದಿನ ಗೆದ್ದಾದ ಆಟವನ್ನು ಗೆಲ್ಲಲು ಕೂತವನ ಮುಖದಲ್ಲಿ ಒಂದು ಆರಾಮ ಇರುತ್ತದೆ. ಊಟವಾದ ಮೇಲೆ ಜಗುಲಿಯಲ್ಲಿ ಕೂತವನ ಹಾಗೆ. ಪ್ರತಿಮಾಳ ಕಸುಬು ಆ ಜಗುಲಿಯಿಂದ ಅವನನ್ನು ಇಳಿಸುವುದು.

ಹೆಂಗಸರಿಗೆಂದೇ ಇರುವ ಗ್ರ್ಯಾಂಡ್‌ಮಾಸ್ಟರ್ ಪದವಿ ಅವಳಿಗೆ ಇಪ್ಪತ್ತೆರಡಕ್ಕೇ ಬಂದಿತ್ತು. ಅದನ್ನು ಅವಳು ಗೋಡೆಗೆ ತೂಗುಹಾಕಿದಳು, ಲೆಕ್ಕಕ್ಕೆ ಹಿಡಿಯಲಿಲ್ಲ. ಗಿರಣಿಯಲ್ಲಿ ಹೆಂಗಸರಿಗೆ ಬೇರೆ ಸಾಲು ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಎಲ್ಲರಿಗೂ ಇರುವ ಗ್ರ್ಯಾಂಡ್‌ಮಾಸ್ಟರ್ ಪದವಿ. ಅದಕ್ಕೆ ಮೂರು ದೊಡ್ಡ ಪಂದ್ಯಗಳಲ್ಲಿ ಇಂತಿಷ್ಟು ಅಂಕ ಎಂದು ನಿಗದಿ ಇದೆ. ಎರಡು ಸಲ ಆಗಿತ್ತು. ಮೂರನೆಯದು ಏಳು ವರ್ಷದಲ್ಲಿ ಐದು ಸಲ ಅರ್ಧ ಅಂಕಕ್ಕೆ ತಪ್ಪಿಹೋಗಿತ್ತು. ಮೂವತ್ತಮೂರು ತುಂಬುವ ಹೊತ್ತಿಗೆ ಹೊಸನಗರದಲ್ಲಿ ಅವಳಿಗೆ ಅರ್ಧ ಗ್ರ್ಯಾಂಡ್‌ಮಾಸ್ಟರ್ ಎಂದೇ ಹೆಸರು. ಪ್ರೀತಿಯಿಂದಲೇ ಕರೆಯುತ್ತಿದ್ದರು, ಅದೇ ಕಷ್ಟ. ಅವಳ ತಾಯಿ ವಿಶಾಲಮ್ಮ ಕೂಡ ಒಮ್ಮೆ ಹೊಸದಾಗಿ ಪರಿಚಯವಾದವರಿಗೆ ಮಗಳ ಬಗ್ಗೆ ಹೇಳುವಾಗ ಬಾಯಿತಪ್ಪಿ ಅರ್ಧ ಎಂದುಬಿಟ್ಟಳು. ಆ ದಿನ ಪ್ರತಿಮಾ ಇನ್ನೊಂದು ಸಲ ನೋಡುತ್ತೇನೆ, ಆಗದಿದ್ದರೆ ಪಂದ್ಯ ಬಿಟ್ಟು ಮಕ್ಕಳಿಗೆ ಹೇಳಿಕೊಟ್ಟುಕೊಂಡು ಇರುತ್ತೇನೆ ಎಂದು ತೀರ್ಮಾನ ಮಾಡಿದಳು. ಮನೆಯಲ್ಲಿ ಅದನ್ನು ಹೇಳಿಯೂ ಹೇಳಿದಳು. ಯಾರೂ ಬೇಡ ಎನ್ನಲಿಲ್ಲ.

ಆ ಇನ್ನೊಂದು ಸಲ ಬಂದದ್ದು ಪಕ್ಕದ ತಾಲ್ಲೂಕು ಸಾಗರದಲ್ಲೇ. ಅಲ್ಲಿಯ ಚೆಸ್ ಪ್ರೇಮಿಗಳು ಸೇರಿ ಒಂದು ಕಲ್ಯಾಣ ಮಂಟಪದಲ್ಲಿ ಅಂತಾರಾಷ್ಟ್ರೀಯ ಪಂದ್ಯ ಇಟ್ಟುಕೊಂಡರು. ಹತ್ತು ಜನ ಆಟಗಾರರು, ಒಂಬತ್ತು ಸುತ್ತು. ವಧೂವರರು ಕೂರುವ ವೇದಿಕೆಯ ಮೇಲೆ ಐದು ಮೇಜು, ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಜನ, ನಡುವೆ ಹಗ್ಗ. ಹೊರದೇಶದಿಂದ ನಾಲ್ವರು ಬಂದಿದ್ದರು. ಅವರಲ್ಲಿ ಒಬ್ಬ ಜಾರ್ಜಿಯಾದ ಗ್ರ್ಯಾಂಡ್‌ಮಾಸ್ಟರ್. ಆರೂವರೆ ಅಡಿ ಎತ್ತರ, ಕೆಂಪು ಗಡ್ಡ. ಅವನ ನಿಜವಾದ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಜಾರ್ಜಿಯಾ ಎಂಬುದನ್ನು ಅರ್ಧ ಕೇಳಿಸಿಕೊಂಡ ಅಡುಗೆಯವರು ಜಾರ್ಜಪ್ಪ ಎಂದರು, ಊರೂ ಹಾಗೇ ಎಂದಿತು. ಮೂರನೇ ದಿನದಿಂದ ಅವನೂ ಜಾರ್ಜಪ್ಪ ಎಂದರೆ ತಿರುಗಿ ನೋಡುತ್ತಿದ್ದ. ಕೊಟ್ಟೆ ಕಡುಬು ಅವನಿಗೆ ಬಹಳ ಹಿಡಿಸಿತ್ತು.

ಎಂಟು ಸುತ್ತು ಮುಗಿದಾಗ ಪ್ರತಿಮಾಗೆ ಆರು ಅಂಕ. ಬೇಕಾಗಿದ್ದದ್ದು ಏಳು. ಕೊನೆಯ ಸುತ್ತಿನಲ್ಲಿ ಎದುರಿಗೆ ಜಾರ್ಜಪ್ಪ. ಗೆದ್ದರೆ ಗ್ರ್ಯಾಂಡ್‌ಮಾಸ್ಟರ್. ಡ್ರಾ ಆದರೆ ಮತ್ತೆ ಅದೇ ಅರ್ಧ, ಆರನೇ ಸಲ.

ಆ ಭಾನುವಾರ ಹೊಸನಗರದಿಂದ ಒಂದು ಟೆಂಪೋ ತುಂಬ ಗಿರಣಿಯ ಗಿರಾಕಿಗಳು ಬಂದಿದ್ದರು. ಕೆರಿಯಪ್ಪ ಗಿರಣಿಗೆ ಬೀಗ ಹಾಕಿ ಬಂದು ಮೂರನೇ ಸಾಲಿನಲ್ಲಿ ಕೂತಿದ್ದ. ಕೃಷ್ಣಕುಮಾರ್ ಮೇಷ್ಟ್ರು ಮೊದಲ ಹತ್ತು ನಡೆಗೆ ಹೊರಗೆ ಕಾಫಿ ಕುಡಿಯುತ್ತಿದ್ದರು. ನಿಂಗಪ್ಪ ನಿಟ್ಟೂರಿನಿಂದ ಹೊಸನಗರಕ್ಕೆ ಬರುವಷ್ಟರಲ್ಲಿ ಟೆಂಪೋ ಹೊರಟುಹೋಗಿ, ಬಸ್ಸು ಹಿಡಿದು ಸಾಗರ ತಲುಪುವಾಗ ಊಟದ ಹೊತ್ತು ಮೀರಿತ್ತು. ಅಷ್ಟರಲ್ಲಿ ಮೂವತ್ತು ನಡೆ ಆಗಿದ್ದವು. ಪ್ರತಿಮಾ ವಾಡಿಕೆಯಂತೆ ಶುರುವಿಗೇ ಆಟ ಕೆಡಿಸಿಕೊಂಡು, ವಾಡಿಕೆಯಂತೆ ತೆವಳಿಕೊಂಡು ಮೇಲೆ ಬರುತ್ತಿದ್ದಳು. ಆದರೆ ಜಾರ್ಜಪ್ಪ ಜಗುಲಿಯಿಂದ ಇಳಿಯುವ ಗಿರಾಕಿಯಲ್ಲ. ಅವನ ಒಂಟೆ ಅವಳ ಆನೆಯನ್ನು ಹಿಡಿದಿತ್ತು. ಆನೆಯನ್ನು ಎಲ್ಲಿ ಒಯ್ದರೂ ಆಟ ಸಪ್ಪೆಯಾಗಿ ಡ್ರಾ ಕಡೆಗೇ ಹೋಗುವ ಹಾಗೆ ಕಾಣುತ್ತಿತ್ತು. ಅವಳ ಒಂದು ಕಾಲಾಳು ಆರನೇ ಮನೆಯಲ್ಲಿ ನಿಂತಿತ್ತು, ಅದರ ಕಡೆ ಅವಳ ಗಮನ ಇರಲಿಲ್ಲ. ಇಪ್ಪತ್ತು ನಿಮಿಷ ಆನೆಯನ್ನೇ ನೋಡಿ ನೋಡಿ ತಲೆ ಕಾದು, ಅವಳು ಪಂದ್ಯದ ತೀರ್ಪುಗಾರ ಗಜಾನನನನ್ನು ಕೇಳಿ ಮುಖಕ್ಕೆ ನೀರು ಹಾಕಿಕೊಳ್ಳಲು ಹಿಂದಿನ ನಲ್ಲಿಗೆ ಹೋದಳು. ಗಡಿಯಾರ ಅವಳ ಕಡೆಯೇ ಓಡುತ್ತಿತ್ತು.

ಅದೇ ಹೊತ್ತಿಗೆ ನಿಂಗಪ್ಪ ಮಂಟಪದ ಒಳಗೆ ಕಾಲಿಟ್ಟ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಮಡಿಸಿದ ಶಲ್ಯ, ನಿಧಾನದ ನಡಿಗೆ. ಸ್ವಯಂಸೇವಕರು ಇವರೇ ಸಮಾರೋಪದ ಅಧ್ಯಕ್ಷರು ಎಂದುಕೊಂಡು ಹಗ್ಗ ಎತ್ತಿ ದಾರಿ ಬಿಟ್ಟರು. ನಿಂಗಪ್ಪನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವನಿಗೆ ಕಂಡದ್ದು ಬೇರೆ: ನಮ್ಮ ಹುಡುಗಿಯ ಕುರ್ಚಿ ಖಾಲಿ ಇದೆ, ಆಟ ನಡುವೆ ನಿಂತಿದೆ, ಪಾಪ, ಎದುರಿನವನು ಕಾಯುತ್ತಿದ್ದಾನೆ. ಐವತ್ತು ವರ್ಷದ ಅಭ್ಯಾಸ. ಅವನು ವೇದಿಕೆ ಹತ್ತಿ, ಕುರ್ಚಿ ಎಳೆದು ಕೂತ.

ಜಾರ್ಜಪ್ಪ ತಲೆಯೆತ್ತಿ ನೋಡಿದ. ನಿಂಗಪ್ಪ ಊಟ ಆಯ್ತಾ ಎಂದು ವಿಚಾರಿಸಿ, ಉತ್ತರಕ್ಕೆ ಕಾಯದೆ ಮಣೆಯ ಮೇಲೆ ಕಣ್ಣಾಡಿಸಿದ. ಆರನೇ ಮನೆಯಲ್ಲಿ ಒಬ್ಬ ಗೇಣಿದಾರ ನಿಂತಿದ್ದ, ಮುಂದಿನ ಮನೆ ಖಾಲಿ ಇತ್ತು. ಆನೆ ಸಾಯುವ ಹಾಗಿದೆ ಎಂಬುದೂ ಅವನಿಗೆ ಕಂಡಿತು. ಕಂಡು ಏನು? ಕಾಲಾಳನ್ನು ಎತ್ತಿ ಏಳನೇ ಮನೆಗೆ ಇಟ್ಟ. ಗಿರಣಿಯಲ್ಲಿ ಗಡಿಯಾರ ಇರಲಿಲ್ಲವಾದ್ದರಿಂದ ಪಕ್ಕದ ಗಡಿಯಾರವನ್ನು ಮುಟ್ಟಲಿಲ್ಲ.

ಮೂರನೇ ಸಾಲಿನಲ್ಲಿ ಕೆರಿಯಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಜಾರ್ಜಪ್ಪ ಮೊದಲು ನಿಂಗಪ್ಪನನ್ನು, ಆಮೇಲೆ ಮಣೆಯನ್ನು ನೋಡಿದ. ಮಣೆಯನ್ನು ನೋಡುತ್ತ ನೋಡುತ್ತ ಅವನ ಮುಖದ ಬಣ್ಣ ಇಳಿಯಿತು. ಆಮೇಲೆ ಕೈಯೆತ್ತಿ ತೀರ್ಪುಗಾರರನ್ನು ಕರೆದ.

ಪ್ರತಿಮಾ ಮುಖ ಒರೆಸಿಕೊಂಡು ಬರುವಾಗ ಇಬ್ಬರು ಹುಡುಗರು ನಿಂಗಪ್ಪನ ತೋಳು ಹಿಡಿದು ಬಹಳ ಮರ್ಯಾದೆಯಿಂದ ಹೊರಗೆ ನಡೆಸುತ್ತಿದ್ದರು. ಎದುರಾದಾಗ ಅವನು ಅವಳಿಗೆ ಸಮಾಧಾನ ಹೇಳಿದ.

"ಹೆದರಬೇಡ ಮಾರಾಯ್ತಿ, ಫಾರಂ ಹಾಕಿ ಬಂದೀನಿ."

ಗಜಾನನನಿಗೆ ಇದು ತೀರ್ಪುಗಾರನಾಗಿ ಮೊದಲ ಅಂತಾರಾಷ್ಟ್ರೀಯ ಪಂದ್ಯ. ಪರೀಕ್ಷೆಗೆ ಓದಿದ ನಿಯಮದ ಪುಸ್ತಕವನ್ನು ಎದೆಗೆ ಅವಚಿಕೊಂಡಿದ್ದ. ಮೊಬೈಲ್ ಸದ್ದಾದರೆ ಏನು, ಕಾಯಿ ಉರುಳಿದರೆ ಏನು, ಆಟಗಾರ ಎಚ್ಚರ ತಪ್ಪಿದರೆ ಏನು ಎಲ್ಲ ಅದರಲ್ಲಿತ್ತು. ಮೂರನೆಯವನು ಬಂದು ಕೂತು ಆಡಿಹೋದರೆ ಏನು ಎಂಬುದು ಮಾತ್ರ ನೇರವಾಗಿ ಎಲ್ಲೂ ಸಿಗಲಿಲ್ಲ. ಜಾರ್ಜಪ್ಪ ಇಂಗ್ಲಿಷಿನಲ್ಲಿ ತನ್ನ ವಾದ ಇಟ್ಟ. ಇದು ಹೊರಗಿನ ಸಹಾಯ. ಕಾಲಾಳನ್ನು ಹಿಂದಕ್ಕಿಟ್ಟರೂ ಆ ನಡೆ ಅವಳಿಗೆ ಗೊತ್ತಾಯಿತು. ಈಗ ಅದನ್ನೇ ಆಡುತ್ತಾಳೆ, ನಾನು ಸೋಲುತ್ತೇನೆ. ಗಜಾನನ ಗಡಿಯಾರ ನಿಲ್ಲಿಸಿ, ಕಾಲು ಗಂಟೆ ಪುಟ ತಿರುವಿ, ಕನ್ನಡಕ ತೆಗೆದು ಹಾಕಿ, ಕೊನೆಗೆ ತೀರ್ಪು ಕೊಟ್ಟ. ಪ್ರತಿಮಾ ಆ ಮನುಷ್ಯನನ್ನು ಕರೆಸಿದವಳಲ್ಲ, ಆದ್ದರಿಂದ ಆಟ ಮುಂದುವರಿಯಬೇಕು. ಕಾಲಾಳು ಹಿಂದಕ್ಕೆ ಬರಬೇಕು. ತೊಂದರೆಗೆ ಪರಿಹಾರವಾಗಿ ಜಾರ್ಜಪ್ಪನಿಗೆ ಎರಡು ನಿಮಿಷ ಹೆಚ್ಚು. ಆಮೇಲೆ ಪ್ರತಿಮಾಳ ಕಡೆ ಬಗ್ಗಿ ದನಿ ತಗ್ಗಿಸಿದ.

"ಇನ್ನು ನೀವು ಎಂತ ಆಡ್ತೀರಿ ಅನ್ನೋದು ನಿಮಗೆ ಬಿಟ್ಟಿದ್ದು ಪ್ರತಿಮಾ ಅವರೇ. ಆ ನಡೆ ಆಡಬೇಡಿ ಅಂತ ಹೇಳೋಕೆ ಈ ಪುಸ್ತಕದಲ್ಲಿ ನನಗೆ ಅಧಿಕಾರ ಕೊಟ್ಟಿಲ್ಲ."

ಅವಳಿಗೆ ಹದಿನಾಲ್ಕು ನಿಮಿಷ ಉಳಿದಿತ್ತು. ಕೂತು ಮಣೆಯನ್ನು ನೋಡಿದಳು. ಕಾಲಾಳು ಹಿಂದಕ್ಕೆ ಬಂದಿದ್ದರೂ ಏಳನೇ ಮನೆಯಲ್ಲಿ ಅದು ನಿಂತ ಹಾಗೆಯೇ ಕಾಣುತ್ತಿತ್ತು. ಒಂಟೆ ಆನೆಯನ್ನು ಹೊಡೆದರೆ ಕುದುರೆ ಚೆಕ್ ಕೊಡುತ್ತದೆ. ರಾಜ ಆ ಕಡೆ ಹೋದರೂ ಈ ಕಡೆ ಹೋದರೂ ಕಾಲಾಳು ಮಂತ್ರಿಯಾಗುತ್ತದೆ. ಆನೆಯನ್ನು ಹೊಡೆಯದಿದ್ದರೂ ಮಂತ್ರಿಯಾಗುತ್ತದೆ. ಐದು ನಡೆಗೆ ಆಟ ಮುಗಿಯುತ್ತದೆ. ಇಪ್ಪತ್ತು ನಿಮಿಷ ನೋಡಿಯೂ ಅವಳಿಗೆ ಕಾಣದೇ ಇದ್ದದ್ದು, ನಿಂಗಪ್ಪನಿಗೆ ಕೂತ ಕೂಡಲೇ ಕಂಡಿತ್ತು. ಕಂಡಿತ್ತು ಎನ್ನುವುದೂ ತಪ್ಪು. ಅವನಿಗೆ ತಳ್ಳದೆ ಇರಲು ಆಗಲಿಲ್ಲ, ಅಷ್ಟೇ.

ಆಡಿದರೆ ಪುಸ್ತಕದ ಕಾನೂನು ಬೇಡ ಎನ್ನುವುದಿಲ್ಲ. ಗಿರಣಿಯ ಕಾನೂನಂತೂ ಆಡಲೇಬೇಕು ಎನ್ನುತ್ತದೆ, ಅಲ್ಲಿ ಕೂತವನು ಆಡಿದ್ದು ಆಡಿದ್ದೇ. ಎರಡು ಕಾನೂನೂ ಒಪ್ಪಿದ ಮೇಲೆ ಇನ್ನೇನು ಕೊಸರು? ಪ್ರತಿಮಾ ಕೈ ಮುಂದೆ ಚಾಚಿದಳು. ಕಾಲಾಳನ್ನು ಮುಟ್ಟುವ ಮುಂಚೆ ಹಿಂದಕ್ಕೆ ತೆಗೆದಳು.

ಅವಳು ಸತ್ಯಹರಿಶ್ಚಂದ್ರನ ವಂಶದವಳು ಎಂದೇನಲ್ಲ. ರಾಜ್ಯ ಪಂದ್ಯದಲ್ಲಿ ಎದುರಾಳಿ ತೂಕಡಿಸುವಾಗ ಗಡಿಯಾರದ ಗುಂಡಿಯನ್ನು ಸದ್ದಾಗದ ಹಾಗೆ ಒತ್ತಿದವಳು. ಆದರೆ ಅವಳಿಗೆ ಎರಡು ಯೋಚನೆ ಬಂದವು. ಮೊದಲನೆಯದು, ಈ ನಡೆಯಿಂದ ಗೆದ್ದರೆ ನಾಳೆ ಬೆಳಿಗ್ಗೆಯ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಆಗುವವನು ನಿಂಗಪ್ಪ. ತಾನು ಆಗ ಅರ್ಧ ಕೂಡ ಅಲ್ಲ. ಎರಡನೆಯದು ಇನ್ನೂ ಕಷ್ಟದ್ದು. ಇಷ್ಟು ವರ್ಷ ಯಾರೋ ಕೆಡಿಸಿ ಹೋದದ್ದನ್ನು ಸರಿಮಾಡಿಕೊಂಡು ಬಂದವಳು ಅವಳು. ಹೋಗುವವರು ಯಾರಾದರೂ ಒಳ್ಳೆಯದನ್ನು ಬಿಟ್ಟುಹೋದರೆ ಏನು ಮಾಡಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಕೈಯೇ ಬರಲಿಲ್ಲ.

ಎಂಟು ನಿಮಿಷ ಉಳಿದಾಗ ಅವಳು ಆನೆಯನ್ನು ಎತ್ತಿ, ಅದು ಆಟದ ಶುರುವಿನಲ್ಲಿ ನಿಂತಿದ್ದ ಮೂಲೆಗೇ ವಾಪಸು ಇಟ್ಟು ಗಡಿಯಾರ ಒತ್ತಿದಳು.

ಅದಕ್ಕಿಂತ ದಂಡದ ನಡೆ ಆ ಮಣೆಯ ಮೇಲೆ ಇರಲಿಲ್ಲ. ಕೃಷ್ಣಕುಮಾರ್ ಮೇಷ್ಟ್ರು ಎದ್ದು ಮತ್ತೆ ಕಾಫಿಗೆ ಹೋದರು. ಜಾರ್ಜಪ್ಪ ತನ್ನ ರಾಜನನ್ನು ಒಂದೇ ಒಂದು ಮನೆ ಪಕ್ಕಕ್ಕೆ ಇಟ್ಟಿದ್ದರೆ ಕಾಲಾಳಿನ ದಾರಿ ಮುಚ್ಚುತ್ತಿತ್ತು. ಆಮೇಲೆ ಗೆದ್ದರೆ ಅವನೇ ಗೆಲ್ಲಬೇಕು. ಆದರೆ ಅವನು ಆಡಲಿಲ್ಲ. ಕೂತು ನೋಡಿದ. ಗೆಲ್ಲುವ ನಡೆ ಅವಳ ಕಣ್ಣೆದುರಿಗೇ ಇತ್ತು, ಬಿಟ್ಟಿಯಾಗಿ ಸಿಕ್ಕಿತ್ತು, ತೀರ್ಪುಗಾರನೂ ಒಪ್ಪಿದ್ದ. ಅದನ್ನು ಬಿಟ್ಟು ಆನೆಯನ್ನು ಮೂಲೆಗೆ ಒಯ್ದಿದ್ದಾಳೆ. ಅಂದರೆ ಇದು ಅದಕ್ಕಿಂತ ದೊಡ್ಡದೇ ಇರಬೇಕು. ಆ ಮೂಲೆಯಲ್ಲಿ ಏನಿದೆ? ಅವನು ಹುಡುಕತೊಡಗಿದ. ಗಡ್ಡ ಕೆರೆದುಕೊಂಡು ಹುಡುಕಿದ, ಎದ್ದು ನಿಂತು ಹುಡುಕಿದ, ಬೆನ್ನು ತಿರುಗಿಸಿ ಗಕ್ಕನೆ ತಿರುಗಿ ನೋಡಿದ. ಇಲ್ಲದ್ದನ್ನು ಹುಡುಕುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕವಿಲ್ಲ. ಅವನಿಗೆ ನಲವತ್ತೊಂದು ನಿಮಿಷ ಹಿಡಿಯಿತು.

ಆ ನಲವತ್ತೊಂದು ನಿಮಿಷ ಪ್ರತಿಮಾ ಎಲ್ಲೂ ಕದಲದೆ ಕೂತಿದ್ದಳು. ಎದುರಿನವನ ಕಣ್ಣು ಮೂಲೆಯ ಆನೆಯ ಮೇಲೆ ಹೋದಾಗಲೆಲ್ಲ ತಾನೂ ಅದರ ಕಡೆ ಒಮ್ಮೆ ನೋಡುತ್ತಿದ್ದಳು. ಅದನ್ನು ಮೋಸ ಎನ್ನಲು ಬರುವುದಿಲ್ಲ. ತನ್ನ ಆನೆಯನ್ನು ತಾನು ನೋಡಬಾರದು ಎಂದು ಯಾವ ಪುಸ್ತಕದಲ್ಲೂ ಇಲ್ಲ.

ಕೊನೆಗೆ ಅವನಿಗೆ ಮೂರು ನಿಮಿಷ ಉಳಿದಾಗ, ಇಲ್ಲದ ಅಪಾಯಕ್ಕೆ ಅಡ್ಡವಾಗಿ ಮಂತ್ರಿಯನ್ನು ತಂದು ನಿಲ್ಲಿಸಿದ. ಅಲ್ಲಿಂದ ಮುಂದೆ ಎರಡೂ ಕಡೆಯ ಆಟ ಗಬ್ಬೆದ್ದು ಹೋಯಿತು. ಗಬ್ಬೆದ್ದ ಆಟದಲ್ಲಿ ಅವಳಿಗೆ ಸರಿಸಮ ಯಾರೂ ಇರಲಿಲ್ಲ. ಒಳ್ಳೆಯ ಮನೆಯಲ್ಲಿ ಬೆಳೆದ ಜಾರ್ಜಪ್ಪನಿಗೆ ಈ ಓಣಿಯ ಪರಿಚಯವಿಲ್ಲ, ಇವಳಿಗೆ ಇದು ತವರು. ಐವತ್ತೆರಡನೇ ನಡೆಯಲ್ಲಿ ಅವನ ರಾಜ, ಮಂತ್ರಿ ಎರಡೂ ಒಂದೇ ಕುದುರೆಯ ಬಾಯಿಗೆ ಸಿಕ್ಕವು. ಅವನು ಸ್ವಲ್ಪ ಹೊತ್ತು ಕುದುರೆಯನ್ನೇ ನೋಡಿ, ಗಡಿಯಾರ ನಿಲ್ಲಿಸಿ, ಕೈ ಚಾಚಿದ.

ಕೈ ಕುಲುಕುತ್ತ ಅವನು ಕೇಳಿದ್ದು ಒಂದೇ ಪ್ರಶ್ನೆ, ಆನೆಯನ್ನು ಮೂಲೆಗೆ ಒಯ್ದದ್ದರ ಗುಟ್ಟೇನು ಎಂದು. ಪ್ರತಿಮಾ ಏನೂ ಇಲ್ಲ ಎಂದಳು. ಅವನು ನಂಬಲಿಲ್ಲ. ಊರಿಗೆ ಹೋದ ಮೇಲೆ ಒಂದು ಪತ್ರಿಕೆಯಲ್ಲಿ ಆ ನಡೆಯ ಬಗ್ಗೆ ಆರು ಪುಟ ಬರೆದ. ಸಾಗರ ಪದ್ಧತಿ ಎಂದು ಅದಕ್ಕೆ ಹೆಸರನ್ನೂ ಇಟ್ಟ. ಅದನ್ನು ಕೇಳಿ ಹೊಸನಗರದವರಿಗೆ ಸಿಟ್ಟು ಬಂತು, ಹುಡುಗಿ ನಮ್ಮದು, ಪದ್ಧತಿ ಅವರದು ಹೇಗಾಯಿತು ಎಂದು. ತೀರ್ಥಹಳ್ಳಿಯವರು ಕಲಿಸಿದವರು ನಾವು ಎಂದರು. ಕಲಿಸಲು ನೋಡಿದ್ದೆ ಅಷ್ಟೇ ಎಂದು ಮೇಷ್ಟ್ರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಜಗಳದಲ್ಲಿ ಮೂರೂ ಊರಿನಲ್ಲಿ ಬೇರೆ ಬೇರೆ ಸನ್ಮಾನ ಇಟ್ಟುಕೊಂಡರು. ನಿಂಗಪ್ಪನ ವಿಷಯದಲ್ಲಿ ಪ್ರತಿಮಾ ಹೆದರಿದ್ದೇ ಆಯಿತು. ಅವನನ್ನು ಹೊರಗೆ ಕರೆದೊಯ್ದ ಮೇಲೆ ಏನಾಯಿತು ಎಂದು ಅವನು ನೋಡಿರಲಿಲ್ಲ. ಗೆದ್ದಳು ಎಂದು ಮಾತ್ರ ಗೊತ್ತಾಗಿತ್ತು. ಯಾವ ನಡೆಯಿಂದ ಗೆದ್ದಳು ಎಂದು ಅವನು ಬಾಯಿ ಬಿಟ್ಟು ಹೇಳಲಿಲ್ಲ. ಜನ ಕೇಳಿದಾಗ ನಕ್ಕು, ಅದೆಲ್ಲ ಯಾಕೆ ಬಿಡಿ ಎನ್ನುತ್ತಿದ್ದ. ಗೆಲ್ಲಿಸಿದ್ದು ಅವನ ನಡೆಯೇ ಎಂಬುದು ಹೇಳಿದ್ದಕ್ಕಿಂತ ಜೋರಾಗಿ ಹಬ್ಬಿತು. ಹೊಸನಗರದ ಸಮಾರಂಭದಲ್ಲಿ ಅವನನ್ನೂ ವೇದಿಕೆಗೆ ಕರೆದು, ಪ್ರತಿಮಾಳ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣಕಾರರು ಮೊಳದುದ್ದ ಮಾತಾಡುತ್ತಿದ್ದರು. ಪ್ರತಿಮಾ ಯಾರನ್ನೂ ತಿದ್ದಲು ಹೋಗಲಿಲ್ಲ. ಪದವಿ ಬಂದಾಗಿತ್ತು, ಪೂರ್ತಿ ಬಂದಿತ್ತು, ಬೆಳಿಗ್ಗೆ ಅವ್ವ ನೆಂಟರಿಗೆ ಫೋನಿನಲ್ಲಿ ಹೇಳುವಾಗ ಅರ್ಧ ಎಂಬ ಮಾತು ಎಲ್ಲೂ ಬರಲಿಲ್ಲ. ಮುದುಕನಿಗೆ ಒಂದು ಶಾಲು ಹೋದರೆ ತನಗೇನು ಕಡಿಮೆಯಾಯಿತು?

ಭಾಷಣ ಜೋರಾದ ಹೊತ್ತಿನಲ್ಲಿ ನಿಂಗಪ್ಪ ಅವಳ ಕಡೆ ವಾಲಿದ. ದನಿಯಲ್ಲಿ ಸ್ವಲ್ಪ ಅಳುಕಿತ್ತು.

"ಯಾರೋ ಹೇಳಿದ್ರು ಪ್ರತಿಮಾ, ನಾನು ತಳ್ಳಿದ್ದನ್ನ ನೀನು ಆಡ್ಲೇ ಇಲ್ಲಂತೆ. ಹೌದಾ?"

"ಹೌದು ನಿಂಗಪ್ಪಣ್ಣ."

"ತಪ್ಪಾಗಿತ್ತೇನೆ?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು. ಯಾವ ಸುಳ್ಳು ಹೇಳಬೇಕು ಎಂದು ಅವಳಿಗೆ ಹೊಳೆಯಲಿಲ್ಲ.

"ಸರಿ ಇತ್ತು. ಅದೊಂದೇ ಸರಿ ಇದ್ದಿದ್ದು. ಅದಕ್ಕೇ ಆಡೋಕೆ ಕೈ ಬರ್ಲಿಲ್ಲ."

ಸರಿ ಇದ್ದದ್ದನ್ನು ಬಿಟ್ಟು ಬೇರೆ ಏನೋ ಆಡಿ ಗೆದ್ದವಳಿಗೆ ಮೂರೂ ಊರಿನವರು ಹೀಗೆ ಮರ್ಯಾದೆ ಮಾಡುವುದು ನಿಂಗಪ್ಪನಿಗೆ ಅಷ್ಟು ಸರಿ ಕಾಣಲಿಲ್ಲ. ಆದರೆ ತನ್ನ ಮೈಮೇಲೂ ಒಂದು ಶಾಲು ಇತ್ತು. ಅದರ ಅಂಚನ್ನು ಬೆರಳಲ್ಲಿ ಹಿಡಿದು, ಒಳ್ಳೆಯ ಜರಿಯೇ ಎಂದು ನೋಡಿ, ಮತ್ತೆ ಸರಿಯಾಗಿ ಹೊದ್ದುಕೊಂಡ.

"ಹಂಗಾರೆ ಇವರಿಗೆ ಈಗ ಹೇಳೋದು ಬ್ಯಾಡ," ಎಂದ. "ಹೊದೆಸಿಯಾಗಿದೆ."